ಒಂಬತ್ತು ಮನೆಗಳ ದೃಷ್ಟಿಬೊಟ್ಟು

ಹೋದ ವಾರ ಹಳಿಯಾಳದ ಬಸ್ ನಿಲ್ದಾಣದ ಎದುರು ರಸ್ತೆಯ ಗುಂಡಿಗಳಿಗೆ ತೇಪೆ ಹಾಕುತ್ತಿದ್ದರು. ಮಳೆ ಹಿಡಿಯುವ ಮೊದಲು ಮುಗಿಸಬೇಕೆಂಬ ಅವಸರ. ಡ್ರಮ್ಮಿನ ಕೆಳಗೆ ಬೆಂಕಿ ಮಾಡಿ ಡಾಂಬರು ಕಾಸುತ್ತಿದ್ದರು. ನನ್ನ ಸೈಕಲ್ ರಿಪೇರಿ ಅಂಗಡಿ ಅಲ್ಲಿಂದ ಇಪ್ಪತ್ತು ಹೆಜ್ಜೆ. ಬೆಳಿಗ್ಗೆಯಿಂದ ಆ ವಾಸನೆ ಅಂಗಡಿಯೊಳಗೆ ಬಂದು ಕೂತುಬಿಟ್ಟಿತ್ತು. ಮಧ್ಯಾಹ್ನದವರೆಗೆ ತಡೆದುಕೊಂಡೆ. ಆಮೇಲೆ ಕೈಯಲ್ಲಿದ್ದ ಪಂಕ್ಚರ್ ಮುಗಿಸಿ, ಬಾಗಿಲು ಹಾಕಿ, ದಾಂಡೇಲಿ ಬಸ್ಸು ಹತ್ತಿದೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ಬಾಯಿಗೆ ಬಂದದ್ದು ಬಸರಿಕೊಪ್ಪ ಕ್ರಾಸ್.

ಸುನಂದಾ ಹೋದ ಮೇಲೆ ನಾನು ಆ ಕಡೆಗೆ ಹೋಗಿರಲಿಲ್ಲ. ಸುನಂದಾ ನನ್ನ ಹೆಂಡತಿ. ಹೋದ ಮಾಘದಲ್ಲಿ ತೀರಿಕೊಂಡಳು. ನಾನು ಹೇಳಹೊರಟದ್ದು ಅವಳ ಕೆಲಸದ ಮೊದಲ ಮಳೆಗಾಲದ ಮಾತು. ಆಗಿನಿಂದ ಎಂಟು ಮಳೆಗಾಲ ಕಳೆದಿವೆ.

ಆ ವರ್ಷ ಮಹಿಳಾ ಸಂಘದವರು ತಾಲ್ಲೂಕಿನ ಐದು ಹೆಂಗಸರನ್ನು ಸೋಲಾರ್ ದೀಪದ ಕೆಲಸ ಕಲಿಯಲು ಮೂರು ತಿಂಗಳು ಧಾರವಾಡಕ್ಕೆ ಕಳಿಸಿದ್ದರು. ಕಲಿತು ಬಂದ ಐವರಲ್ಲಿ ಏಣಿ ಹತ್ತಿದವಳು ಸುನಂದಾ ಒಬ್ಬಳೇ. ಓದಿದ್ದು ಏಳನೇ ತರಗತಿ. ಆದರೆ ಅರ್ಥವಾಗದ್ದನ್ನು ಅರ್ಥವಾಯಿತು ಎಂದು ತಲೆಯಾಡಿಸುವ ಗುಣ ಅವಳಲ್ಲಿ ಇರಲಿಲ್ಲ. ಧಾರವಾಡದ ಮಾಸ್ತರರನ್ನು ಒಂದೇ ಪ್ರಶ್ನೆಗೆ ನಾಲ್ಕು ಸಲ ಹೇಳಿಸಿದ್ದಳಂತೆ. ಅವಳಿಗೆ ವಹಿಸಿದ ಮೊದಲ ಕೆಲಸ ಬಸರಿಕೊಪ್ಪ. ಜೋಯಿಡಾ ಕಡೆಯ ಕಾಡಿನ ಅಂಚಿನಲ್ಲಿ ಒಂಬತ್ತು ಮನೆಗಳ ವಸತಿ. ಅವರ ಹಿರಿಯರು ಧಾರವಾಡ ಸೀಮೆಯಿಂದ ಕೂಲಿಗೆ ಬಂದು ಅಲ್ಲೇ ನಿಂತವರು. ಭತ್ತ, ಗೊಂಜಾಳ ಎಂದರೆ ಮೆಕ್ಕೆಜೋಳ ಬೆಳೆಯುತ್ತಾರೆ, ಕಬ್ಬಿನ ಹಂಗಾಮಿನಲ್ಲಿ ಕಟಾವಿಗೆ ಹೋಗುತ್ತಾರೆ. ಆಗಿನ್ನೂ ಅಲ್ಲಿಗೆ ಕರೆಂಟಿನ ಕಂಬ ಬಂದಿರಲಿಲ್ಲ. ರೇಷನ್ನಿನಲ್ಲಿ ಸೀಮೆಎಣ್ಣೆ ಕೊಡುವುದು ನಿಂತುಹೋಗಿತ್ತು.

ಜೂನಿನ ಮಿರಗ ಮಳೆ ಕೂಡುವ ಮೊದಲು ಸೋಲಾರ್ ಪ್ಲೇಟುಗಳನ್ನು ಕೂರಿಸಬೇಕಿತ್ತು. ಮಳೆಗಾಲದಲ್ಲಿ ನನ್ನ ಅಂಗಡಿಗೆ ಸೈಕಲ್ ಬರುವುದು ಕಡಿಮೆ. ಸಾಮಾನು ಹೊರಲು ನಾನೂ ಹೊರಟೆ. ಎಲ್ಲ ಮನೆಗಳ ಮುಂದಿನ ಪಡಸಾಲೆಗೂ ತಗಡಿನ ಮಾಡು. ಸುನಂದಾ ಏಣಿ ಹತ್ತಿ, ದಕ್ಷಿಣಕ್ಕೆ ಮುಖ ಮಾಡಿ ಪ್ಲೇಟು ಕೂರಿಸುವಳು. ಆಮೇಲೆ ಅವಳು ಇಳಿದು ಒಳಗೆ ಬ್ಯಾಟರಿ ಜೋಡಿಸುವಾಗ, ಮೇಲೆ ಹತ್ತಿ ಬೋಲ್ಟು ಬಿಗಿದು, ತಗಡಿಗೆ ಕೊರೆದ ತೂತುಗಳು ಸೋರದಂತೆ ಕಾಸಿದ ಡಾಂಬರು ಹಚ್ಚುವುದು ನನ್ನ ಕೆಲಸ. ಉಳಿದ ಹೊತ್ತೆಲ್ಲ ನಾನು ಏಣಿ ಹಿಡಿದು ನಿಂತಿರುತ್ತಿದ್ದೆ.

ವಸತಿಯ ಹಿರಿಯ ನಿಂಗಪ್ಪ ಕಾಕಾಗೆ ಅದೊಂದು ನೋಟ. ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ ಕೂಗುತ್ತಿದ್ದರು: "ಏನಪಾ ಗಾಲಿ ಮೇಸ್ತ್ರಿ, ಹೇಣ್ತಿ ಮಾಡ ಏರ್ಯಾಳ, ನೀ ಏಣಿಗೆ ಜೋತು ಬಿದ್ದೀಯಲ್ಲೊ!"

"ಏಣಿ ಜಾರಿದ್ರ ಹಿಡ್ಕೊಳ್ಳಾಕ ಒಬ್ರು ಬೇಕಲ್ರಿ ಕಾಕಾ," ಎನ್ನುತ್ತಿದ್ದೆ ನಾನು.

"ಅಕಿ ಮ್ಯಾಲೆ ಬಿಸಲು ಹಿಡಿಯಾಕತ್ತಾಳ, ನೀ ಕೆಳಗ ಏಣಿ ಹಿಡಿ. ಅಲ್ಲವ್ವಾ ತಂಗಿ, ಇಷ್ಟ ಬಿಸಲು ನಿನ್ನ ಪ್ಲೇಟ ಕುಡದುಬಿಟ್ರ ನಮ್ಮ ಭತ್ತಕ್ಕ ಏನ ಉಳೀತೈತಿ?"

ಸುನಂದಾ ಮೇಲಿನಿಂದಲೇ ಹೇಳಿದಳು: "ನೀವು ಅಲ್ಲಿ ಕುಂತು ಎಷ್ಟು ನೆಳ್ಳ ಬೀಳಿಸೀರಿ, ಇದೂ ಅಷ್ಟ ಬೀಳಸ್ತೈತಿ ಕಾಕಾ. ನೀವು ಕುಂತಿದ್ದಕ್ಕ ಭತ್ತ ಒಣಗ್ಯಾವೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮೂರನೆಯ ಮನೆಯಲ್ಲಿ ಇಳಿಯುವಾಗ ಅವಳ ಕಾಲು ತಪ್ಪಿ ಪಾದ ಉಳುಕಿತು. ಒಂಬತ್ತು ಮನೆಯ ಜನರೂ ದಿನವಿಡೀ ಅವಳನ್ನೇ ನೋಡುತ್ತಿದ್ದರು. ಹೊಸ ಗಾಜು ಮಾಡಿನ ಮೇಲೆ ಮಿರಮಿರ ಹೊಳೆಯುತ್ತಿತ್ತು. ನಮಗೆ ಮಕ್ಕಳಿರಲಿಲ್ಲ. ಎರಡು ಸಲ ಆಸೆ ಮೂಡಿ, ನಾಲ್ಕು ಮಂದಿಗೆ ಹೇಳುವಷ್ಟರಲ್ಲಿ ಹೋಗಿತ್ತು. ನಮ್ಮವ್ವ ಹೊಸ ಚಕ್ಕಡಿಗೂ ಎಳೆಗರುವಿಗೂ ಕರಿ ಬೊಟ್ಟು ಇಡದೆ ಹೊರಗೆ ಬಿಟ್ಟವಳಲ್ಲ. ಅವಳಿಗೂ ಅವಳ ಕೆಲಸಕ್ಕೂ ದೃಷ್ಟಿ ತಾಗಬಾರದೆಂದು ಎಣಿಸಿ, ಬೋಲ್ಟು ಬಿಗಿಯಲು ಹತ್ತಿದವನು ತೂತಿಗೆ ಹಚ್ಚಿ ಉಳಿದ ಡಾಂಬರನ್ನು ಒಂದು ಚಿಂದಿಯಲ್ಲಿ ತೆಗೆದುಕೊಂಡು ಪ್ಲೇಟಿನ ಮೇಲಿನ ಮೂಲೆಯಲ್ಲಿ ಅಂಗೈ ಅಗಲ ಒತ್ತಿದೆ. ಮೊದಲು ಮುಗಿಸಿದ್ದ ಎರಡು ಮನೆಗಳಿಗೂ ವಾಪಸ್ ಹೋಗಿ, ತೂತು ನೋಡಿ ಬರುತ್ತೇನೆಂದು ಹೇಳಿ, ಅಲ್ಲಿಯೂ ಇಟ್ಟೆ. ಉಳಿದ ಆರಕ್ಕೂ ಇಟ್ಟೆ. ಕಪ್ಪು ನೀಲಿಯ ಪ್ಲೇಟಿನ ಮೇಲೆ ಕಪ್ಪು ಡಾಂಬರು. ಕೆಳಗೆ ನಿಂತವರಿಗೆ ಕಾಣುವಂಥದಲ್ಲ. ಸುನಂದಾಗೆ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದಳು. ಅಷ್ಟು ದೊಡ್ಡ ಗಾಜಿನಲ್ಲಿ ಒಂದು ಮೂಲೆ ಹೋದರೆ ಏನಾದೀತು ಎಂದುಕೊಂಡೆ.

ಮೊದಲ ವಾರ ಎಲ್ಲ ಮನೆಗಳಲ್ಲೂ ದೀಪ ಉರಿಯಿತು. ಬ್ಯಾಟರಿಗಳು ಧಾರವಾಡದಿಂದ ತುಂಬಿಕೊಂಡೇ ಬಂದಿದ್ದವು. ಮೊದಲನೆಯ ಮನೆಯ ಗಂಗವ್ವಜ್ಜಿ ಸುನಂದಾಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಎರಡನೇ ವಾರ ಮಳೆ ಹಿಡಿಯಿತು. ದೀಪಗಳು ಸೊರಗಿದವು. ಸಂಜೆ ಹಚ್ಚಿದರೆ ಊಟಕ್ಕೆ ಕೂರುವ ಹೊತ್ತಿಗೆ ಆರಿಹೋಗುತ್ತಿದ್ದವು. ಮೋಡದಿಂದಾಗಿ ಹೀಗಾಗಿದೆ ಎಂದು ಸುನಂದಾ ಮೊದಲು ಅಂದುಕೊಂಡಳು. ನೆನೆಯುತ್ತ ಎರಡು ಸಲ ಹೋಗಿ ವೈರು, ಬ್ಯಾಟರಿಯ ನೀರು, ಗೋಡೆಯ ಮೇಲಿನ ಚಾರ್ಜಿನ ಡಬ್ಬಿ ಎಲ್ಲ ನೋಡಿ ಬಂದಳು. ಒಳಗೆ ಯಾವ ತಪ್ಪೂ ಸಿಗಲಿಲ್ಲ. ಮಾಡು ಏರುತ್ತೇನೆ ಎಂದಾಗ ನಾನೇ ಬಿಡಲಿಲ್ಲ. ತಗಡು ಪಾಚಿಗಟ್ಟಿ ಜಾರುತ್ತಿತ್ತು, ಅವಳ ಪಾದ ಇನ್ನೂ ಬಾತಿತ್ತು. ಆಗ ನಾನು ಬಿಡದೆ ಇದ್ದದ್ದು ಅವಳ ಕಾಲಿನ ಕಾಳಜಿಯಿಂದ. ಇಷ್ಟಂತೂ ನಿಜ.

ಆಷಾಢದ ಒಂದು ಸಂಜೆ, ಹಳಿಯಾಳದ ನಮ್ಮ ಮನೆಯಲ್ಲಿ, ನಾನು ಉಣ್ಣಲು ಕೂತಿದ್ದೆ. ತರಬೇತಿಯಲ್ಲಿ ಕೊಟ್ಟಿದ್ದ ಒಡೆದ ಪ್ಲೇಟಿನ ತುಂಡೊಂದನ್ನು ಸುನಂದಾ ದೀಪದ ಕೆಳಗೆ ಹಿಡಿದು ನೋಡುತ್ತಿದ್ದಳು. ಅವಳ ಮನಸ್ಸು ಹಗುರಾಗಲಿ ಎಂದು ಕೇಳಿದೆ, "ಅದು ಬಿಸಲಿಗೆ ಕಾಯ್ತೈತಲ್ಲ, ಆ ಕಾವಿಗೆ ಕರೆಂಟ ಹುಟ್ಟತೈತೇನು?"

"ಕಾವಿಗಲ್ರಿ, ಬೆಳಕಿಗೆ. ಕಾದ್ರ ಕಡಿಮಿನ ಆಗತೈತಿ," ಎಂದಳು. ತುಂಡನ್ನು ನನ್ನ ತಾಟಿನ ಪಕ್ಕ ಇಟ್ಟಳು. "ಇದು ಉಸುಕಿನಿಂದ ತಗದ ಸಿಲಿಕಾನ್. ಮ್ಯಾಲೊಂದು ಪದರ, ಕೆಳಗೊಂದು ಪದರ. ಎರಡರಾಗೂ ಬ್ಯಾರೆ ಬ್ಯಾರೆ ಬೆರಕಿ ಇಷ್ಟಿಷ್ಟ ಹಾಕಿರ್ತಾರ. ಎರಡೂ ಕೂಡೂ ಜಾಗಾದಾಗ ಒಂದು ಗಡಿ ಆಗತೈತಿ. ಬೆಳಕು ಬಂದು ಬಡೀತಂದ್ರ ಒಳಗಿನ ಸಣ್ಣ ಕಣ ಒಂದು ಸಡಿಲಾಗತೈತಿ. ಎಲೆಕ್ಟ್ರಾನ್ ಅಂತಾರ. ಗಡಿ ಅದನ್ನ ಮ್ಯಾಲಿನ ಪದರಕ್ಕ ದೂಡಿಬಿಡತೈತಿ. ತಿರುಗಿ ಬರಾಕ ಬಿಡೂದಿಲ್ಲ."

"ಮತ್ತ ಅದು ಎಲ್ಲಿಗೆ ಹೋಗಬೇಕು?"

"ಅದಕ್ಕ ತನ್ನ ಜಾಗಕ್ಕ ಹೋಗೂದು ಇದ್ದ ಇರ್ತೈತಿ. ನಾವು ಒಂದ ದಾರಿ ಇಟ್ಟೇವಿ. ಈ ಬೆಳ್ಳಿ ಗೆರಿ ಹಿಡದು, ವೈರಿನಾಗ ಹಾದು, ದೀಪ ದಾಟಿ, ಹಿಂದಿನ ಬಾಜೂಲೆ ವಾಪಸ್ ಬರಬೇಕು. ಹಂಗ ಸುತ್ತು ಹಾಕೂದಕ್ಕ ಕರೆಂಟ ಅಂತೇವಿ. ಇದರಾಗ ಏನೂ ಸುಡೂದಿಲ್ಲ, ಏನೂ ಸವೆಯೂದಿಲ್ಲ. ಹೋದದ್ದೆಲ್ಲ ತಿರುಗಿ ಬರ್ತೈತಿ. ಬೆಳಕು ಬಡಿಯೂತನಕ ನಡದ ಇರ್ತೈತಿ."

ಅವಳು ಮಾತಿಗೆ ಬಂದದ್ದು ನೋಡಿ ನನಗೆ ಸಂತೋಷವಾಯಿತು. "ಅಂದ್ರ ಪ್ಲೇಟ ದೊಡ್ಡದಿದ್ದಷ್ಟೂ ಚಲೋ," ಎಂದೆ.

"ದೊಡ್ಡದಿದ್ರ ಸಾಲೂದಿಲ್ಲ. ಒಂದು ತುಂಡಿಗೆ ಅರ್ಧ ವೋಲ್ಟ ಸಿಗತೈತಿ. ಬ್ಯಾಟರಿಗೆ ಅದು ಯಾತಕ್ಕೂ ಸಾಲೂದಿಲ್ಲ. ಅದಕ್ಕ ಮೂವತ್ತಾರು ತುಂಡು ಒಂದರ ಹಿಂದ ಒಂದು ಕಟ್ಟಿರ್ತಾರ. ಒಂದರೊಳಗ ಹಾದು ಬಂದದ್ದ ಇನ್ನೊಂದರೊಳಗ ಹಾಯಬೇಕು. ನಡುವ ಒಂದು ತುಂಡಿಗೆ ಬೆಳಕು ಬೀಳಲಿಲ್ಲಂದ್ರ ಅದು ತಾನೂ ಕೊಡೂದಿಲ್ಲ, ಉಳದ ಮೂವತ್ತೈದರದ್ದನ್ನೂ ದಾಟಗೊಡೂದಿಲ್ಲ. ಒಂದು ಎಲಿ ಬಿದ್ದು ಅಂಟಿಕೊಂಡಿದ್ರ ಸಾಕು, ಇಡೀ ಪ್ಲೇಟ ಮಲಗಿಬಿಡತೈತಿ." ಸ್ವಲ್ಪ ತಡೆದು, "ಆದರ ಒಂಬತ್ತೂ ಮನಿ ಮ್ಯಾಲೆ ಎಲಿ ಬೀಳಾಕ ಸಾಧ್ಯ ಐತೇನ್ರಿ?" ಎಂದಳು.

ಒಂಬತ್ತೂ ಮನೆಯ ಮೇಲೆ ಇದ್ದದ್ದು ನಾನು ಇಟ್ಟ ಡಾಂಬರಿನ ಬೊಟ್ಟು.

ಆ ಕ್ಷಣವೇ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ನಾನೊಬ್ಬನೇ ಹೋಗಿ ಒರೆಸಿಬಂದರೆ ಅವಳಿಗೆ ಗೊತ್ತಾಗದು ಎಂದು ಲೆಕ್ಕ ಹಾಕಿದೆ. ಮರುದಿನ ಅಂಗಡಿಗೆಂದು ಹೊರಟು ಕ್ರಾಸಿನವರೆಗೆ ಹೋದೆ. ಕ್ರಾಸಿಗೂ ವಸತಿಗೂ ನಡುವಿನ ಹಳ್ಳ ತುಂಬಿ ಹರಿಯುತ್ತಿತ್ತು. ಎರಡು ದಿನ ಬಿಟ್ಟು ಮತ್ತೆ ಹೋದೆ. ಆಗಲೂ ದಾಟಲಾಗಲಿಲ್ಲ. ಸಂಜೆ ಮನೆಗೆ ಬಂದರೆ ಸುನಂದಾ ತರಬೇತಿಯ ನೋಟುಬುಕ್ಕನ್ನು ಮೊದಲ ಪುಟದಿಂದ ಓದುತ್ತಿದ್ದಳು. ತಾನೇ ಏನೋ ತಪ್ಪು ಕಲಿತು ಬಂದಿದ್ದೇನೆ ಎಂದು ಅವಳಿಗೆ ಅನಿಸತೊಡಗಿತ್ತು. ಒಂದು ದಿನ, "ನನ್ನ ಕೈಲೆ ಇದು ಆಗೂದಲ್ಲ ಅಂತ ಕಾಣತೈತ್ರಿ," ಎಂದಳು. "ಹಂಗ್ಯಾಕ ಅಂತಿ, ಮೋಡ ಸರೀಲಿ," ಎಂದೆ ನಾನು. ಹೀಗೆ ಹದಿನೈದು ದಿನ.

ನಾಗರ ಪಂಚಮಿಗೆ ನಾಲ್ಕು ದಿನ ಇದ್ದಾಗ ನಿಂಗಪ್ಪ ಕಾಕಾ ಹೇಳಿಕಳಿಸಿದರು. ಬಂದು ಎಲ್ಲರ ಮುಂದೆ ಉತ್ತರ ಹೇಳಬೇಕು. ಹಬ್ಬದೊಳಗೆ ಸರಿಯಾಗದಿದ್ದರೆ ಒಂಬತ್ತೂ ಪ್ಲೇಟುಗಳನ್ನು ಬಿಚ್ಚಿಕೊಂಡು ಹೋಗಬೇಕು. ಸಂಘದವರು ಬೇರೆ ಯಾರಾದರೂ ಗಂಡಸು ಮೇಸ್ತ್ರಿಯನ್ನು ಕಳಿಸಲಿ. ಪ್ಲೇಟು ಬಿಚ್ಚಿದರೆ ಅವಳು ಮತ್ತೆ ಯಾವ ಊರಿನಲ್ಲೂ ಏಣಿ ಇಡುವ ಹಾಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಂದು ಮಳೆ ಬಿಡುವು ಕೊಟ್ಟಿತ್ತು. ಹಳ್ಳ ಇಳಿದಿತ್ತು. ತಿಂಗಳ ಮೇಲೆ ಕಂಡ ಬಿಸಿಲು ತೊಳೆದಿಟ್ಟ ಹಾಗಿತ್ತು. ಗಾಳಿ ತಣ್ಣಗಿತ್ತು. ವಸತಿಯಲ್ಲಿ ಹಬ್ಬದ ಅಳ್ಳಿಟ್ಟಿನ ಉಂಡೆಗೆ ಗೊಂಜಾಳ ಹುರಿಯುತ್ತಿದ್ದರು. ಕಟ್ಟೆಯ ಸುತ್ತ ಎಲ್ಲರೂ ಕೂಡಿದ್ದರು. ಸುನಂದಾ ಮೀಟರು ತೆಗೆದು ಗಂಗವ್ವಜ್ಜಿಯ ಮನೆಯ ವೈರಿಗೆ ಹಚ್ಚಿ ನೋಡಿದಳು. ಮುಳ್ಳು ಅರ್ಧಕ್ಕೂ ಏರಲಿಲ್ಲ.

"ಮೋಡ ಅಂತ ಹೇಳೇನಿ ನಾನು ನಿಮಗ," ಎಂದಳು ಎಲ್ಲರಿಗೂ ಕೇಳುವಂತೆ. "ಇವತ್ತು ಮೋಡ ಇಲ್ಲ. ಇಂಥ ತಣ್ಣನ್ನ ಬಿಸಲಿನಾಗ ಪ್ಲೇಟ ಬ್ಯಾಸಗಿಗಿಂತ ಚಲೋ ಕೊಡಬೇಕು. ಕೊಡವಲ್ದು. ಅಂದ್ರ ತಪ್ಪು ಮ್ಯಾಲೈತಿ."

ಏಣಿ ಹತ್ತಿದಳು. ನಾನು ಹಿಡಿದುಕೊಂಡು ನಿಂತೆ. ಮೇಲೆ ಉಗುರಿನಿಂದ ಗಾಜು ಕೆರೆಯುವ ಸದ್ದಾಯಿತು. ಆಮೇಲೆ ಅವಳ ದನಿ ಕೇಳಿತು: "ಯಾರರೆ ಒಂದೀಟು ಸೀಮೆಎಣ್ಣಿ ಇದ್ರ ಅರಬಿಗೆ ಹಾಕಿ ಕೊಡ್ರಿ."

ಯಾರೋ ಹಳೆಯ ಬುಡ್ಡಿಯ ತಳದಲ್ಲಿ ಉಳಿದಿದ್ದನ್ನು ಬಟ್ಟೆಗೆ ಬಗ್ಗಿಸಿ ಕೊಟ್ಟರು. ಅದನ್ನು ಮೇಲೆ ಚಾಚಿದೆ. ತೆಗೆದುಕೊಳ್ಳುವಾಗ ಸುನಂದಾ ನನ್ನ ಮುಖ ನೋಡಿದಳು. ನಾನು ಏಣಿಯ ಮೆಟ್ಟಿಲು ನೋಡಿದೆ. ಅವಳು ಒರೆಸಿದಳು. ಕೆಳಗಿನಿಂದ ಮೀಟರು ಹಿಡಿದಿದ್ದ ಗಂಗವ್ವಜ್ಜಿ, "ಏರಿತು! ಮುಳ್ಳ ಏರಿತಲೇ!" ಎಂದು ಕೂಗಿದರು. ಸುನಂದಾ ಇಳಿದು ಮುಂದಿನ ಮನೆಗೆ ಏಣಿ ಒಯ್ಯಲು ಹೇಳಿದಳು. ಹಾಗೆ ಒಂಬತ್ತೂ ಮನೆ ಮುಗಿಸಿ ಕಟ್ಟೆಯ ಮುಂದೆ ಬಂದು ನಿಂತಳು. ಕೈ ಮೊಣಕೈವರೆಗೆ ಕಪ್ಪಾಗಿತ್ತು.

"ನಂದ ತಪ್ಪು ಕಾಕಾ. ತೂತಿಗೆ ಡಾಂಬರ ಹಚ್ಚುಮುಂದ ಪ್ಲೇಟಿನ ಮ್ಯಾಲೆ ಬಿದ್ದಿತ್ತು. ನಾ ನೋಡಿದ್ದಿಲ್ಲ. ಮೊದಲ ದಿನಾನ ನೋಡಬೇಕಿತ್ತು."

ನಿಂಗಪ್ಪ ಕಾಕಾ ಎಲೆ ಅಗಿಯುವುದು ನಿಲ್ಲಿಸಿದರು. "ಒಂಬತ್ತೂ ಮನಿಯಾಗ ಬಿದ್ದಿತ್ತೇನವ್ವ?"

"ಒಂಬತ್ತೂ ಮನಿಯಾಗ ನಾನ ಹಚ್ಚೇನಿ."

ಕಾಕಾ ನನ್ನ ಕಡೆಗೊಮ್ಮೆ ನೋಡಿದರು. ನಾನು ಏಣಿ ಎತ್ತಿ ಹೆಗಲಿಗಿಟ್ಟುಕೊಂಡೆ. "ಆತು ತಗೊ," ಎಂದರು ಕಡೆಗೆ. "ತಪ್ಪ ಆತಂತ ಎದಿ ಕೊಟ್ಟ ಹೇಳೂ ಮೇಸ್ತ್ರಿನ್ನ ನಾ ಎಲ್ಲೂ ಕಂಡಿಲ್ಲ. ಇರ್ಲಿ ಪ್ಲೇಟ. ಆದರ ದಸರಾ ತನಕ ಹದಿನೈದು ದಿನಕ್ಕೊಮ್ಮೆ ಬಂದು ಮಾಡ ಏರಿ ನೋಡಿ ಹೋಗಬೇಕು ನೀ."

"ಬರ್ತೇನ್ರಿ," ಎಂದಳು.

ತಿರುಗಿ ಬರುವಾಗ ಕಾಡಿನ ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಹಳ್ಳದ ಹತ್ತಿರ ಕೈ ತೊಳೆಯಲು ಕೂತಳು. ಡಾಂಬರು ನೀರಿಗೆ ಹೋಗುವಂಥದ್ದಲ್ಲ. ಸುಮ್ಮನೆ ಉಸುಕು ಹಾಕಿ ತಿಕ್ಕುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು.

"ಯಾಕ ಹಚ್ಚಿದ್ರಿ ಅಂತ ಕೇಳೂದಿಲ್ಲ. ಅದು ನನಗ ತಿಳೀತೈತಿ," ಎಂದಳು. "ಅದರಿಂದ ದೀಪ ನಿಂತಾವು ಅನ್ನೂದು ನಿಮಗ ಯಾವಾಗ ಗೊತ್ತಾತು?"

"ಈಗ. ನೀ ಅರಬಿ ಕೇಳಿದಾಗ."

"ಹೂಂ," ಎಂದಳು. ಎದ್ದು ಸೆರಗಿಗೆ ಕೈ ಒರೆಸಿಕೊಂಡು ಹಳ್ಳ ದಾಟಿದಳು. ಆ ಮಾತು ನಮ್ಮ ನಡುವೆ ಮತ್ತೆ ಯಾವತ್ತೂ ಬರಲಿಲ್ಲ.

ಆ ವರ್ಷ ದಸರೆಯವರೆಗೆ ಹದಿನೈದು ದಿನಕ್ಕೊಮ್ಮೆ ಹೋದೆವು. ಉತ್ತರಿ ಮಳೆಯಲ್ಲಿ ನೆನೆದೆವು. ಭತ್ತ ತೆನೆಗಟ್ಟುವುದನ್ನು ಆ ದಾರಿಯಲ್ಲಿ ನೋಡಿದೆವು. ಬನ್ನಿ ಕೊಡುವ ದಿನ ಬಸರಿಕೊಪ್ಪದವರು ಮೊದಲ ಬನ್ನಿ ಅವಳ ಕೈಗೆ ಕೊಟ್ಟರು. ಅಲ್ಲಿಂದ ಅವಳ ಹೆಸರು ಹರಡಿತು. ಮುಂಡಗೋಡದ ಕಡೆಯಿಂದಲೂ ಕರೆಯತೊಡಗಿದರು. ಏಳು ವರ್ಷ ಅವಳು ಎಷ್ಟು ಮಾಡು ಏರಿದಳೋ ನಾನು ಎಣಿಸಲಿಲ್ಲ. ಹೊಸ ಪ್ಲೇಟು ಕೂರಿಸಿದ ಮೇಲೆ ಕಡೆಯದಾಗಿ ಒಮ್ಮೆ ಹತ್ತಿ ಅಂಗೈಯಿಂದ ಇಡೀ ಗಾಜನ್ನು ಸವರಿ ಇಳಿಯುವುದು ಅವಳ ರೂಢಿಯಾಯಿತು. ಅದನ್ನು ನೋಡಿದಾಗಲೆಲ್ಲ ನಾನು ಬೇರೆ ಕಡೆ ತಿರುಗುತ್ತಿದ್ದೆ.

ಆಮೇಲೆ ಹೊಟ್ಟೆಯಲ್ಲಿ ಗಡ್ಡೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ಹನ್ನೊಂದು ದಿನ. ಅಲ್ಲಿ ಅವಳ ಮಂಚದ ಪಕ್ಕ ಕೂತು ನಿಜ ಹೇಳಬಹುದಿತ್ತು. ಒಂದು ಮಧ್ಯಾಹ್ನ ಅವಳೇ, "ಏನೋ ಹೇಳಾಕತ್ತಿದ್ರಲ್ಲ?" ಎಂದು ಕೇಳಿದಳು. "ಏನಿಲ್ಲ, ನೀರು ಬೇಕೇನು ಅಂತ ಕೇಳಾಕತ್ತಿದ್ನಿ," ಎಂದೆ. ಕುಡಿಸಿದೆ. ಅದು ಒಂಬತ್ತನೆಯ ದಿನ.

ಹೋದ ವಾರ ಬಸ್ಸಿಳಿದು ಆ ದಾರಿ ನಡೆದಾಗ ಬಸರಿಕೊಪ್ಪದಲ್ಲಿ ಗಂಡಸರು ಹೆಂಗಸರು ಎಲ್ಲ ಹೊಲಕ್ಕೆ ಹೋಗಿದ್ದರು. ಈಗ ಅಲ್ಲಿಗೆ ಕಂಬ ಬಂದಿದೆ. ಆದರೂ ಮಾಡಿನ ಮೇಲಿನ ಪ್ಲೇಟುಗಳನ್ನು ಯಾರೂ ಇಳಿಸಿಲ್ಲ. ಮಳೆಗಾಲದಲ್ಲಿ ಲೈನು ಬಿದ್ದರೆ ಅವೇ ಗತಿ. ಗಂಗವ್ವಜ್ಜಿ ಪಡಸಾಲೆಯಲ್ಲಿ ಬಿತ್ತನೆಗೆ ಗೊಂಜಾಳ ಆರಿಸುತ್ತ ಕೂತಿದ್ದರು. ನನ್ನನ್ನು ನೋಡಿ ಸೆರಗು ಬಾಯಿಗೊತ್ತಿಕೊಂಡು ಸ್ವಲ್ಪ ಅತ್ತರು. ನೀರು ಕೊಟ್ಟರು. ನಾನು ಕುಡಿದು, ಕೂತು, ಡಾಂಬರಿನ ಮಾತು ಹೇಳಿದೆ.

"ಅದು ಬಿದ್ದ ಡಾಂಬರಲ್ಲಂತ ನಮಗ ಆವತ್ತ ಗೊತ್ತಿತ್ತಪಾ," ಎಂದರು ಅಜ್ಜಿ, ಕಾಳಿನಿಂದ ಕಣ್ಣು ತೆಗೆಯದೆ. "ಒಂಬತ್ತ ಮನಿಯಾಗ ಒಂದ ಮೂಲ್ಯಾಗ ಬೀಳತೈತೇನ? ಗಂಡನ್ನ ಬಿಟ್ಟುಕೊಡಲಿಲ್ಲ ಆಕಿ. ನಾವೂ ಕೆದರಲಿಲ್ಲ."

"ಅದಷ್ಟ ಅಲ್ಲವ್ವ," ಎಂದೆ. ಉಳಿದದ್ದನ್ನು ಹೇಳಿದೆ. ಹದಿನೈದು ದಿನ ಮೊದಲೇ ನನಗೆ ತಿಳಿದಿತ್ತು ಎಂಬುದು, ಅವಳು ನೋಟುಬುಕ್ಕು ಹಿಡಿದು ಕೂತದ್ದನ್ನು ನೋಡುತ್ತ ಸುಮ್ಮನಿದ್ದದ್ದು, ಹಳ್ಳದ ದಂಡೆಯಲ್ಲಿ ಅವಳು ಕೇಳಿದ್ದು, ನಾನು ಕೊಟ್ಟ ಉತ್ತರ.

ಅಜ್ಜಿಯ ಕೈ ನಿಂತಿತು. "ಆಕಿಗೆ ಹೇಳಲಿಲ್ಲ?"

"ಇಲ್ಲ."

"ದವಾಖಾನ್ಯಾಗ?"

"ಅಲ್ಲೂ ಇಲ್ಲ."

ಅವರು ಆರಿಸಿದ ಕಾಳನ್ನು ಪಕ್ಕಕ್ಕೆ ಸರಿಸಿದರು. ಇರಲಿ ಬಿಡು ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ ಎಂಬುದು ಆಗ ನನಗೇ ಗೊತ್ತಾಯಿತು.

"ನನಗೊಬ್ಬಾಕಿಗೆ ಹೇಳಿ ಹೋಗಾಕ ಬಂದಿದ್ರ ಆಗೂದಿಲ್ಲಪಾ," ಎಂದರು. "ಆಕಿ ಇಡೀ ವಸ್ತಿ ಮುಂದ ತಲಿ ಬಗ್ಗಿಸಿ ನಿಂತಿದ್ಳು. ಮಂದಿ ಹೊಲದಿಂದ ಬರೂತನಕ ಕುಂದ್ರು."

ಕೂತೆ. ಹೊತ್ತು ಇಳಿಯುವಾಗ ಒಬ್ಬೊಬ್ಬರೇ ಬಂದರು. ನಿಂಗಪ್ಪ ಕಾಕಾ ಈಗ ಕೋಲೂರಿಕೊಂಡು ನಡೆಯುತ್ತಾರೆ. ನನ್ನ ಹೆಗಲ ಮೇಲೆ ಕೈಯಿಟ್ಟು ಸುನಂದಾಳ ಹೆಸರು ಹೇಳಿದರು. ಗಂಗವ್ವಜ್ಜಿ ಎಲ್ಲರನ್ನೂ ಕಟ್ಟೆಗೆ ಕರೆದು, "ಇಂವ ಏನೋ ಹೇಳೂದೈತಂತ, ಕೇಳ್ರಿ," ಎಂದರು. ನನಗಿದ್ದ ಕಡೆಯ ಬಸ್ಸು ಅಷ್ಟು ಹೊತ್ತಿಗೆ ಕ್ರಾಸು ದಾಟಿ ಹೋಗಿರಬೇಕು.

ಎದ್ದು ನಿಂತೆ. ಒಂಬತ್ತು ಮನೆಯವರೂ ನನ್ನ ಮುಖ ನೋಡುತ್ತಿದ್ದರು.

"ಆ ವರ್ಷ ಪಂಚಮಿ ಮುಂದ ಸುನಂದಾ ಇಲ್ಲೆ ನಿಂತು ನಿಮಗ ಒಂದು ಸುಳ್ಳು ಹೇಳಿದ್ಳು," ಎಂದೆ. "ಆಕಿ ಹೇಳಿದ್ದು ಅದೊಂದ. ನಾ ಆಕಿಗೆ ಹೇಳಿದ ಸುಳ್ಳನ್ನ ಈಗ ಹೇಳತೇನಿ."